ಪಹಣಿಯಲ್ಲಿ ಇಲ್ಲದವರ ಲೆಕ್ಕ



ನಮ್ಮ ಬಳಗಾನೂರಿನಲ್ಲಿ ಈ ಸಲ ಎಷ್ಟು ನೆಲ್ಲು ನಾಟಿ ಆಗಿದೆ ಎಂದು ಕೇಳಿದರೆ ಕಟ್ಟೆಯ ಮೇಲೆ ಕುಂತವರೆಲ್ಲ ಹೇಳುತ್ತಾರೆ. ಅದರಲ್ಲಿ ಲೀಜಿಗೆ ಮಾಡುವವರು ಎಷ್ಟು ಮಂದಿ ಎಂದು ಕೇಳಿರಿ, ಎಲ್ಲರ ಬಾಯಿ ಬಂದ್! 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಹೊಲ ಮಾಡುವವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು.

ಎಣ್ಣೆ ಹೊಡೆದು ತಲೆ ತಿರುಗಿ ಬದುವಿನ ಮೇಲೆ ಬೀಳುವವನು ಇವನೇ. ಉದ್ರಿ ತೀರದೆ ಜೀವ ಕಳೆದುಕೊಳ್ಳುವವನೂ ಇವನೇ. ಇವನು ಯಾವ ಲೆಕ್ಕದಲ್ಲಿದ್ದಾನೆ?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪುಸ್ತಕ ನೋಡಿರಿ. ಕರ್ನಾಟಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 2013ರಲ್ಲಿ 1,403, 2014ರಲ್ಲಿ 321. ಒಂದೇ ವರ್ಷದಲ್ಲಿ ಸಾಲ ತೀರಿತೇನು, ಬೆಲೆ ಬಂತೇನು? ಎಣಿಸುವ ರೀತಿ ಬದಲಾಗಿತ್ತು. ಆ ವರ್ಷ ರೈತರನ್ನೂ ಕೃಷಿ ಕಾರ್ಮಿಕರನ್ನೂ ಬೇರೆ ಬೇರೆ ಕಾಲಂಗೆ ಹಾಕಿದರು. ಲೀಜಿನವನೂ ರೈತನೇ ಎಂದು ಅದರಲ್ಲಿ ಬರೆದದ್ದು ಖರೆ. ಆದರೆ ಸತ್ತವನ ಹೆಂಡತಿ ಪೊಲೀಸರ ಮುಂದೆ ಯಾವ ಕಾಗದ ಹಿಡಿಯಬೇಕು?

ಮರೆಯಲ್ಲಿರುವವರನ್ನು ಎಣಿಸಲು ಆರೋಗ್ಯದ ಲೆಕ್ಕ ಮಾಡುವವರ ಹತ್ತಿರ ಒಂದು ಹಳೆಯ ಉಪಾಯವಿದೆ. ಕೆರೆಯಲ್ಲಿ ಮೀನೆಷ್ಟು ಎಂದು ತಿಳಿಯಲು ನೀರು ಬಸಿಯಬೇಕಿಲ್ಲ. ನೂರು ಹಿಡಿದು ಗುರುತು ಹಾಕಿ ಬಿಡುವುದು, ಮರುದಿನ ಮತ್ತೆ ನೂರು ಹಿಡಿಯುವುದು. ಅದರಲ್ಲಿ ಗುರುತಿನವು ಹತ್ತು ಬಂದರೆ ಕೆರೆಯಲ್ಲಿ ಸುಮಾರು ಸಾವಿರ ಮೀನು. ಮನುಷ್ಯರಿಗಾದರೆ ಎರಡು ಪಟ್ಟಿ. ಗೊಬ್ಬರದಂಗಡಿಯ ಉದ್ರಿ ಪುಸ್ತಕದಲ್ಲಿ ಲೀಜಿನವರು 60 ಎನ್ನಿ. ಹೆಣ್ಣುಮಕ್ಕಳ ಸಂಘದವರು ಓಣಿ ಓಣಿ ನೆನೆದು ಹೇಳಿದವರು 50 ಎನ್ನಿ. ಎರಡರಲ್ಲೂ ಇರುವವರು 30. ಹಾಗಾದರೆ ಕಂಡವರು ಒಟ್ಟು 80. ಆದರೆ 60ನ್ನು 50ರಿಂದ ಗುಣಿಸಿ 30ರಿಂದ ಭಾಗಿಸಿದರೆ 100. ಯಾವ ಪಟ್ಟಿಗೂ ಸಿಗದ 20 ಮಂದಿ ಊರಲ್ಲೇ ಇದ್ದಾರೆ!

ಇದರಲ್ಲಿ ಮೋಸ ಹೋಗುವ ಜಾಗವೂ ಉಂಟು. ಒಂದು ಕಡೆ ಅಡ್ಡಹೆಸರು, ಇನ್ನೊಂದು ಕಡೆ ಮನೆಹೆಸರು ಬರೆದರೆ ಒಬ್ಬನೇ ಇಬ್ಬರಾಗಿ ಅಂದಾಜು ಉಬ್ಬುತ್ತದೆ. ಒಂದೇ ಹೆದರಿಕೆಯಿಂದ ಎರಡೂ ಪಟ್ಟಿ ತಪ್ಪಿಸಿಕೊಂಡರೆ ಕುಗ್ಗುತ್ತದೆ. ಉಬ್ಬಿಸುವುದು ನಮ್ಮಂಥ ಚಳವಳಿಯವರ ಚಟ, ಒಪ್ಪಿಕೊಳ್ಳೋಣ. ಏಡ್ಸ್ ವೈರಾಣು ಇರುವವರು ದೇಶದಲ್ಲಿ 50 ಲಕ್ಷ ದಾಟಿದ್ದಾರೆ ಎಂದು ಹಿಂದೆ ಅಂದಾಜು ಹಾಕಿದ್ದರು, ಅದೂ ಹೆಚ್ಚಾಗಿ ಆಸ್ಪತ್ರೆಗೆ ಬಂದವರ ರಕ್ತ ನೋಡಿ. ಮನೆ ಮನೆಯಲ್ಲಿ ತೆಗೆದ ರಕ್ತದ ಲೆಕ್ಕ ಸೇರಿದ ಮೇಲೆ 2007ರಲ್ಲಿ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು.

ಕುಗ್ಗಿಸುವವರು ಮಾತ್ರ ಹೊಲದ ಮಾಲೀಕರಾದ ನಾವೇ. ಲೀಜಿನವನು ನಾಳೆ ಹೊಲ ನನ್ನದೆಂದಾನು ಎಂಬ ಅಂಜಿಕೆ. ನನ್ನ ಎರಡೆಕರೆಯೂ ಲೀಜಿಗೇ ಹೋಗಿದೆ. ಕೇಳಿದವರಿಗೆ ‘ನಾನೇ ಮಾಡ್ತೀನಿ’ ಅಂದವನೇ ನಾನೂ.

ನಮಗೆ ಬೇಕಾದದ್ದು ಸಂಖ್ಯೆ, ಹೆಸರಲ್ಲ. ಎರಡು ಪಟ್ಟಿ ಹೋಲಿಸಿದ ಮೇಲೆ ಕಾಗದ ಹರಿದುಹಾಕಿರಿ, ತಹಶೀಲ್ದಾರ್ ಕಚೇರಿಗೆ ಮುಟ್ಟಕೂಡದು. ಆ ಸಂಖ್ಯೆ ಹಿಡಿದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಕೆಲವು ಜಾತಿಯ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಚುಚ್ಚುಮದ್ದು ಬೇಕು. ಎಣ್ಣೆ ಹೊಡೆಯುವ ಕೈ ಇಷ್ಟಿವೆ, ನಿಮ್ಮ ಕಪಾಟಿನಲ್ಲಿ ಅಟ್ರೋಪಿನ್ ಎಷ್ಟಿದೆ ಎಂದು ಕೇಳಿರಿ.