ನಗು ಯಾರನ್ನು ಕಂಡು?

“ಗುರುಗಳೇ, ಪೋಲಿಹಾಸ್ಯ ಪರದೇಶದ ಸಿನಿಮಾದಿಂದ ಅಂಟಿದ ರೋಗವಲ್ಲವೇ?” ಗುರುಮಠಕಲ್ಲಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬನ ಪ್ರಶ್ನೆ. ಒಪ್ಪಲಾರೆನಪ್ಪ. ಏಳನೆಯ ಶತಮಾನದಲ್ಲಿಯೇ ಪಲ್ಲವ ದೊರೆ ಮಹೇಂದ್ರವರ್ಮನು ‘ಮತ್ತವಿಲಾಸ’ ಪ್ರಹಸನದಲ್ಲಿ ಕುಡುಕ ಕಾಪಾಲಿಕನನ್ನೂ ಬೌದ್ಧ ಭಿಕ್ಷುವನ್ನೂ ನಗೆಗೀಡುಮಾಡಿದ್ದನು. ಇಟಲಿಯ ಬೊಕಾಚಿಯೋ ಹದಿನಾಲ್ಕನೆಯ ಶತಮಾನದ ‘ಡೆಕಾಮೆರಾನ್’ ಕಥೆಗಳಲ್ಲಿ ಸನ್ಯಾಸಿಗಳ ಕಪಟವನ್ನು ಬಯಲಿಗೆಳೆದನು. 1971ರಲ್ಲಿ ಪಸೋಲಿನಿ ಅವನ್ನು ಚಿತ್ರವಾಗಿಸಿ ಗೆದ್ದೊಡನೆ ಅಲ್ಲಿ ಅನುಕರಣೆಗಳ ಸಾಲೇ ಹೊರಟಿತು. ಹೆಚ್ಚಿನವುಗಳಲ್ಲಿ ವಿಡಂಬನೆ ಸೋರಿಹೋಗಿ ಹೆಣ್ಣಿನ ಮೈ ಮಾತ್ರ ಉಳಿಯಿತು. ನಮ್ಮಲ್ಲಿಯೂ ಕಾಶೀನಾಥರ ‘ಅನುಭವ’ (1984) ಗೆದ್ದ ಮೇಲೆ ದ್ವಂದ್ವಾರ್ಥದ ಮಾರುಕಟ್ಟೆ ಹಿಗ್ಗಿತು.

ದೋಷವು ಶೃಂಗಾರದ್ದಲ್ಲ, ಪರದೇಶದ್ದೂ ಅಲ್ಲ. ಕಪಟಿಯನ್ನು ಕಂಡು ನಕ್ಕರೆ ವಿಡಂಬನೆ. ಅಸಹಾಯಕಳನ್ನು ಕಂಡು ನಕ್ಕರೆ ಹೇಡಿತನ. ತರಗತಿಯಲ್ಲಿ ಅಂಥ ಮಾತಿಗೆ ಹುಡುಗರು ನಕ್ಕು, ಹುಡುಗಿಯರು ತಲೆತಗ್ಗಿಸಿದಾಗ ನಾನು ಕೇಳಿಸದವನಂತೆ ಪಾಠ ಮುಂದುವರಿಸಿದ್ದೆ. ಆ ಹೇಡಿತನದಲ್ಲಿ ನನ್ನ ಪಾಲೂ ಇದೆ.