ಮಗ್ದಲದ ಮರಿಯಳ ಮೇಲಿನ ಅಪವಾದ

ಮಗ್ದಲದ ಮರಿಯಳೆಂದರೆ ಯೇಸು ಉದ್ಧರಿಸಿದ ವೇಶ್ಯೆ ಎಂದುಬಿಡುವವರೇ ಹೆಚ್ಚು. ಬೈಬಲಿನಲ್ಲಿ ಹಾಗೆಂದು ಎಲ್ಲಿದೆ? ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ತೋಯಿಸಿದ ‘ಪಾಪಿ’ ಹೆಂಗಸಿಗೆ ಹೆಸರೇ ಇಲ್ಲ. ಮರಿಯಳು ಬರುವುದು 8ನೇ ಅಧ್ಯಾಯದಲ್ಲಿ. ಏಳು ದೆವ್ವಗಳ ಕಾಟದಿಂದ ಬಿಡುಗಡೆಯಾದವಳು. ಇತರ ಹೆಂಗಸರೊಡನೆ ಸ್ವಂತ ಹಣದಿಂದ ಯೇಸು ಮತ್ತು ಶಿಷ್ಯರ ಖರ್ಚು ನೋಡಿಕೊಂಡವಳು.

591ರಲ್ಲಿ ಪೋಪ್ ಗ್ರೆಗರಿ ಇಬ್ಬರೂ ಒಬ್ಬಳೇ ಎಂದರು. ದೆವ್ವಗಳೆಂದರೆ ದುರ್ಗುಣಗಳೆಂದು ಅರ್ಥ ಹಚ್ಚಿದರು. ಅದೇ 8ನೇ ಅಧ್ಯಾಯದಲ್ಲಿ ದೆವ್ವಗಳ ದಂಡೇ ಹಿಡಿದಿದ್ದ ಗಂಡಸಿನ ನಡತೆಯನ್ನು ಯಾರಾದರೂ ಆಡಿಕೊಂಡರೇ?

1969ರಲ್ಲಿ ರೋಮಿನ ಚರ್ಚು ಹಬ್ಬಗಳ ಪಟ್ಟಿ ತಿದ್ದುವಾಗ ಈ ಗೊಂದಲವನ್ನು ಕೈಬಿಟ್ಟಿತು. ಜನರ ಬಾಯಿ ಬಿಡಲಿಲ್ಲ. ಪುನರುತ್ಥಾನದ ಸುದ್ದಿಯನ್ನು ಯೇಸು ಗಂಡಸರಿಗೆ ಹೇಳಿಕಳಿಸಿದ್ದು ಇವಳ ಮೂಲಕವೇ ಎನ್ನುತ್ತಾನೆ ಯೋಹಾನ. ಆ ಸಾಕ್ಷಿಯನ್ನು ಮರೆತು ಅಪವಾದವನ್ನಷ್ಟೇ ನೆನಪಿಟ್ಟುಕೊಳ್ಳುವುದು ಯಾವ ಭಕ್ತಿ?