ಮಂಡಿಯ ಸದ್ದಿಗಿಂತ ಊತ ನೋಡಿ

ಹುಣಸೆ, ಮಾವು ಇಳಿಸುವ ಕಾಲ ಬಂತೆಂದರೆ ನಮ್ಮ ಹುತ್ತೂರು ಕಡೆ ಮಂಡಿ ಹಿಡಿದುಕೊಂಡು ಬರುವ ಹುಡುಗರು ಹೆಚ್ಚು. ಕೊಂಬೆಯಿಂದ ಧುಮುಕಿದವರು, ಟ್ರ್ಯಾಕ್ಟರ್ ಮೇಲಿಂದ ಹಾರಿದವರು. "ಹಕೀಮ್ ಸಾಬ್, ಮಂಡಿ ಕಟಕಟ ಅನ್ನುತ್ತೆ, ಎಣ್ಣೆ ಬರೆದುಕೊಡಿ" ಎನ್ನುತ್ತಾರೆ. ಎಣ್ಣೆಯ ಮಾತು ಆಮೇಲೆ.

ನೋವು, ಊತ ಇಲ್ಲದ ಬರೀ ಸದ್ದು ಸಾಮಾನ್ಯವಾಗಿ ರೋಗವಲ್ಲ. ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆದಾಗ, ಸ್ನಾಯುವಿನ ತುದಿ ಮೂಳೆಯ ಮೇಲೆ ಜಾರಿದಾಗ ಹಾಗೆ ಕೇಳಿಸುತ್ತದೆ. ಸಜ್ದಾದಿಂದ ಏಳುವಾಗ ಸಫ್ಫಿನಲ್ಲಿ ಎಷ್ಟು ಮಂಡಿಗಳು ಚಟ್ ಎನ್ನುತ್ತವೆ, ಕೇಳಿದ್ದೀರಲ್ಲ!

ಆದರೆ ಹಾರಿ ಬಿದ್ದ ಕ್ಷಣ 'ಟಪ್' ಎಂದು, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ ವಿಷಯವೇ ಬೇರೆ. ಒಳಗೆ ರಕ್ತ ತುಂಬಿರಬಹುದು, ಅಸ್ಥಿರಜ್ಜು ಹರಿದಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು. ಮೂಳೆಗಳ ನಡುವಿನ ಮೆತ್ತೆಯಂಥ ಮೆನಿಸ್ಕಸ್ ಹರಿದರೆ ಊತ ಮರುದಿನ ಕಾಣಿಸುವುದುಂಟು, ಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ 90 ಡಿಗ್ರಿ ಬಾಗದಿದ್ದರೆ ಅದೇ ದಿನ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಮೂಳೆ ಸರಿಯಿದೆ ಎಂದರೂ ಅಲ್ಲಿಗೇ ಬಿಡಬೇಡಿ. ಅಸ್ಥಿರಜ್ಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಡೆಯುವಾಗ ಮಂಡಿ ಕುಸಿದಂತಾದರೆ ಮೂಳೆ ತಜ್ಞರಿಗೆ ಮತ್ತೆ ತೋರಿಸಿ.

ನಮ್ಮವರು ಎಕ್ಸ್‌ರೇಗೆ ಹಿಂಜರಿದರೂ ಆಂಧ್ರದ ಪುತ್ತೂರಿನ ಕಟ್ಟಿಗೆ ರಾತ್ರೋರಾತ್ರಿ ಹೊರಡುತ್ತಾರೆ. ಒಳಗೆ ಏನಾಗಿದೆಯೆಂದು ನೋಡದೆ ಕಟ್ಟಿಸುವುದು ಯಾವುದನ್ನು? ಹರಿದ ರಜ್ಜುವಿನಲ್ಲೇ ಮೂಟೆ ಹೊತ್ತರೆ ಮೆನಿಸ್ಕಸ್ಸೂ ಹಾಳಾಗುತ್ತದೆ. ಕೂಲಿಯನ್ನೇ ನಂಬಿದ ಇಪ್ಪತ್ತರ ಹುಡುಗನಿಗೆ ನಲವತ್ತಕ್ಕೇ ಸವೆದ ಮಂಡಿ ಬಂದರೆ ಮನೆ ನಡೆಸುವವರು ಯಾರು?

ಈಗ ಎಣ್ಣೆ. ಯುನಾನಿ ಓದಿದವನೇ ಹೇಳುತ್ತಿದ್ದೇನೆ, ಮೊದಲ 2-3 ದಿನ ತಿಕ್ಕುವುದೂ ಬೇಡ, ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಇಡಿ. ಕಾಲು ದಿಂಬಿನ ಮೇಲಿರಲಿ. ಊದಿದ ಮಂಡಿಗೆ ಹಿಜಾಮಾ ಮಾಡಿಸಲು ಹೊರಡುವವರಿದ್ದಾರೆ, ದಯವಿಟ್ಟು ಬೇಡ. ರೋಗನ್ ಸುರಂಜಾನ್ ಒಳ್ಳೆಯ ಎಣ್ಣೆಯೇ. ಪೆಟ್ಟು ಏನೆಂದು ತಿಳಿದು, ಊತ ಇಳಿದ ಮೇಲೆ ನಾನೇ ಬರೆದುಕೊಡುತ್ತೇನೆ.

ಅಲ್ಲಿಯವರೆಗೆ ಊದಿದ ಮಂಡಿಯನ್ನು ನೆಲಕ್ಕೂರಿ ಸಜ್ದಾ ಮಾಡೆಂದು ಹುಡುಗನನ್ನು ಒತ್ತಾಯಿಸಬೇಡಿ. ಕಾಯಿಲೆಯವರಿಗೆ ಕುಳಿತು ನಮಾಝ್ ನಿರ್ವಹಿಸುವ ರಿಯಾಯಿತಿ ಇದೆ. ಮಸೀದಿಯಲ್ಲಿ ಹಿರಿಯರಿಗೆಂದು ಇಟ್ಟ ಕುರ್ಚಿಗಳಲ್ಲಿ ಒಂದನ್ನು ಅವನಿಗೂ ಕೊಡಿ.